ಬಾಡಿಗೆಗೆ ಕೊಡೋಕೆ ಫ್ಲ್ಯಾಟ್ ತಗೋತೀರಾ? ಟೋಕನ್ ಕೊಡೋ ಮುಂಚೆ ಈ ಲೆಕ್ಕ ಹಾಕಿ

"80 ಲಕ್ಷದ ಫ್ಲ್ಯಾಟ್ ಸಾರ್, ಬಾಡಿಗೆ 27 ಸಾವಿರ ಬರುತ್ತೆ. ವರ್ಷಕ್ಕೆ ನಾಲ್ಕು ಪರ್ಸೆಂಟ್ ಆಯ್ತಲ್ವಾ, ಮೇಲೆ ರೇಟ್ ಏರೋದೆಲ್ಲ ನಿಮಗೆ ಲಾಭ."

ಬೆಂಗಳೂರಿನಲ್ಲಿ ಫ್ಲ್ಯಾಟ್ ನೋಡಲು ಹೋದವರಿಗೆಲ್ಲ ಬ್ರೋಕರ್ ಹೇಳುವ ಮಾತು ಇದು. 2019ರಲ್ಲಿ ನನಗೂ ಒಬ್ಬರು ಹೇಳಿದರು. ನಾನು ನಂಬಿದೆ, ಒಂದು 2 ಬಿಎಚ್‌ಕೆ ತಗೊಂಡೆ. ಮರುವರ್ಷ ಲಾಕ್‌ಡೌನ್ ಬಂತು. ಬಾಡಿಗೆಗಿದ್ದ ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್‌ನವರು, ಮನೆಯಿಂದಲೇ ಕೆಲಸ ಅಂತಾದ ಮೇಲೆ ಸಾಮಾನು ಕಟ್ಟಿಕೊಂಡು ಹುಬ್ಬಳ್ಳಿಗೆ ಹೊರಟರು. ಏಳು ತಿಂಗಳು ಮನೆ ಖಾಲಿ. ಇಎಂಐ ನಿಲ್ಲಲಿಲ್ಲ, ಮೇಂಟೆನೆನ್ಸ್ ನಿಲ್ಲಲಿಲ್ಲ, ಅಡ್ವಾನ್ಸ್ ವಾಪಸ್ ಕೊಡೋಕೆ ನಾನೇ ಎಫ್‌ಡಿ ಮುರಿಯಬೇಕಾಯಿತು. ಬ್ರೋಕರ್ ಹೇಳಿದ ಗುಣಾಕಾರ, ಭಾಗಾಕಾರ ಸರಿಯಾಗಿಯೇ ಇತ್ತು. ಆದರೆ ಅವರು ಲೆಕ್ಕಕ್ಕೆ ತಗೊಳ್ಳದೆ ಬಿಟ್ಟ ಸಂಖ್ಯೆಗಳೇ ಜಾಸ್ತಿ ಇದ್ದವು.

ಆ ಬಿಟ್ಟ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ಸೇರಿಸುತ್ತಾ ಹೋಗೋಣ. ಮೇಲೆ ಹೇಳಿದ 80 ಲಕ್ಷದ ಫ್ಲ್ಯಾಟನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ: 1,150 ಚದರಡಿ, ರೀಸೇಲ್, ಓಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ) ಇದೆ, ಎ ಖಾತಾ (ಎಲ್ಲ ಸಕ್ರಮವಾಗಿರುವ ಆಸ್ತಿಗೆ ಪಾಲಿಕೆ ಕೊಡುವ ದಾಖಲೆ). ಪಕ್ಕದಲ್ಲಿ ಒಂದು ಎಕ್ಸೆಲ್ ಶೀಟ್ ತೆಗೆದಿಟ್ಟುಕೊಂಡು ನಿಮ್ಮ ಸಂಖ್ಯೆ ಹಾಕುತ್ತಾ ಬನ್ನಿ.

1. ಮನೆ ನಿಮ್ಮ ಕೈಗೆ ಬರುವ ಹೊತ್ತಿಗೆ ಖರ್ಚಾಗುವುದು ಎಷ್ಟು?

80 ಲಕ್ಷ ಅನ್ನೋದು ಮಾರುವವನಿಗೆ ಹೋಗುವ ದುಡ್ಡು, ನಿಮ್ಮ ಖರ್ಚಲ್ಲ.

ಕರ್ನಾಟಕದಲ್ಲಿ 45 ಲಕ್ಷಕ್ಕಿಂತ ಹೆಚ್ಚು ಬೆಲೆಯ ಆಸ್ತಿಗೆ ಸ್ಟಾಂಪ್ ಡ್ಯೂಟಿ ಶೇ 5. ಆ ಡ್ಯೂಟಿಯ ಮೇಲೆ ಶೇ 10 ಸೆಸ್, ನಗರದಲ್ಲಾದರೆ ಶೇ 2 ಸರ್‌ಚಾರ್ಜ್. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಹಳೆಯ ಲೆಕ್ಕ ನೋಡಿಕೊಂಡು ಕೂತವರು ಇಲ್ಲಿ ಎಡವುತ್ತಾರೆ. ಎಲ್ಲ ಕೂಡಿದರೆ ಶೇ 7.6. ಅಂದರೆ 80 ಲಕ್ಷಕ್ಕೆ 6,08,000 ರೂಪಾಯಿ. ಕ್ರಯಪತ್ರದ ಬೆಲೆ, ಸರ್ಕಾರದ ಮಾರ್ಗಸೂಚಿ ಬೆಲೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಕಟ್ಟಬೇಕು.

ಬ್ರೋಕರ್ ಕಮಿಷನ್ ಶೇ 1 ಅಂದರೆ 80 ಸಾವಿರ. ವಕೀಲರು, ಇಸಿ (ಆಸ್ತಿಯ ಋಣಭಾರ ಪತ್ರ), ಬ್ಯಾಂಕಿನ ಪ್ರೊಸೆಸಿಂಗ್ ಫೀ ಎಲ್ಲ ಸೇರಿ 40 ಸಾವಿರ ಅಂದುಕೊಳ್ಳಿ. ಆಮೇಲೆ ಮನೆಗೆ ಕಪಾಟು, ಗೀಸರ್, ಅಡುಗೆಮನೆಯ ಚಿಮಣಿ, ಸೊಳ್ಳೆ ಪರದೆ, ಪೇಂಟ್. ಇವಿಲ್ಲದೆ 27 ಸಾವಿರ ಕೊಡುವ ಬಾಡಿಗೆದಾರ ಬರಲ್ಲ. ಅದಕ್ಕೆ 2,72,000 ಹಾಕೋಣ.

ಒಟ್ಟು 90 ಲಕ್ಷ. ನಾಲ್ಕು ಪರ್ಸೆಂಟ್ ಇಲ್ಲೇ 3.6 ಆಯಿತು, ಇನ್ನೂ ಬಾಡಿಗೆದಾರ ಒಳಗೆ ಕಾಲಿಟ್ಟಿಲ್ಲ.

ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಶೇ 5 ಜಿಎಸ್‌ಟಿ ಸೇರಿಸಿ, ಮನೆ ಕೈಗೆ ಸಿಗುವವರೆಗಿನ ಬಡ್ಡಿಯನ್ನೂ ಸೇರಿಸಿ. ಬಿಲ್ಡರ್ ಹೇಳಿದ ತಾರೀಖಿಗೆ ನಾನಂತೂ ಒಂದು ವರ್ಷ ಕೂಡಿಸಿಯೇ ಲೆಕ್ಕ ಹಾಕುತ್ತೇನೆ.

2. ನಿಜವಾದ ಬಾಡಿಗೆ ಕಂಡುಹಿಡಿಯಿರಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಸಂಖ್ಯೆ. ವಿಚಿತ್ರ ಅಂದರೆ ಜನ ಇದನ್ನೇ ಹೆಚ್ಚು ಅಂದಾಜಿನಲ್ಲಿ ಬರೆಯುತ್ತಾರೆ. ಆನ್‌ಲೈನ್ ಜಾಹೀರಾತಿನಲ್ಲಿ ಕಾಣುವುದು ಓನರ್ ಕೇಳುವ ಬಾಡಿಗೆ. ಆ ಮನೆ ಇನ್ನೂ ಖಾಲಿ ಇರುವುದರಿಂದಲೇ ಜಾಹೀರಾತು ಅಲ್ಲಿದೆ, ಅಲ್ವಾ? ಬೇಕಾಗಿರುವುದು ಈಗಾಗಲೇ ಒಳಗಿರುವವರು ಕೊಡುತ್ತಿರುವ ಬಾಡಿಗೆ.

ಅದನ್ನು ತಿಳಿಯಲು ನನ್ನದೊಂದು ದಾರಿ ಇದೆ. ಅಪಾರ್ಟ್‌ಮೆಂಟಿನ ಗೇಟ್ ಹತ್ತಿರ ಒಂದು ಇಸ್ತ್ರಿ ಗಾಡಿ ಇದ್ದೇ ಇರುತ್ತದೆ. ಕಳೆದ ಮಾರ್ಚ್‌ನಲ್ಲಿ ಕನಕಪುರ ರಸ್ತೆ ಕಡೆ ಒಂದು ಫ್ಲ್ಯಾಟ್ ನೋಡಲು ಹೋದಾಗ, ಬ್ರೋಕರ್ ಬರುವ ಅರ್ಧ ಗಂಟೆ ಮುಂಚೆಯೇ ಹೋಗಿ ಆ ಇಸ್ತ್ರಿಯವರ ಹತ್ತಿರ ನಿಂತೆ. ಕೆಂಡದ ಪೆಟ್ಟಿಗೆ ಪಕ್ಕಕ್ಕಿಟ್ಟು, ಬಟ್ಟೆ ಮಡಚುತ್ತಾ, ಕೇಳಿದ್ದಕ್ಕಿಂತ ಜಾಸ್ತಿಯೇ ಹೇಳಿದರು. ಯಾವ ಫ್ಲ್ಯಾಟಿನವರು ಹೋದರು, ಯಾವ ಮನೆಯ ಬಟ್ಟೆ ಎರಡು ತಿಂಗಳಿಂದ ಬಂದಿಲ್ಲ, ಮೂರನೇ ಮಹಡಿಯ ಆ ಮನೆಗೆ ವರ್ಷಕ್ಕೊಬ್ಬರು ಯಾಕೆ ಬದಲಾಗುತ್ತಾರೆ (ಮಲಗುವ ಕೋಣೆಯ ಕಿಟಕಿ ಪಕ್ಕದಲ್ಲೇ ಜನರೇಟರ್). ಒಂದು ಬ್ಲಾಕಿನಲ್ಲಿ ಎಷ್ಟು ಮನೆ ಖಾಲಿ ಅಂತ ಅವರಿಗೆ ಗೊತ್ತಿದ್ದಷ್ಟು ಅಸೋಸಿಯೇಷನ್ ಸೆಕ್ರೆಟರಿಗೂ ಗೊತ್ತಿರಲಿಲ್ಲ.

ಸೆಕ್ಯೂರಿಟಿಯವರನ್ನು ನೀರಿನ ಬಗ್ಗೆ ಕೇಳಿ. ಕಾವೇರಿ ಇದೆಯಾ, ಬೋರಾ, ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ? 2024ರ ಬೇಸಿಗೆ ನೆನಪಿದೆಯಲ್ಲ. ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಗಿ ಬಂತು. ನೀರಿಲ್ಲದ ಕಡೆ ಮೇಂಟೆನೆನ್ಸ್ ಏರುತ್ತದೆ, ಬಾಡಿಗೆದಾರ ಮೊದಲು ಓಡುತ್ತಾನೆ. ಹಾಗಾಗಿ ಮನೆ ನೋಡೋಕೆ ಮಳೆಗಾಲದಲ್ಲಿ ಒಮ್ಮೆ, ಮಾರ್ಚ್ ಏಪ್ರಿಲ್‌ನಲ್ಲಿ ಒಮ್ಮೆ ಹೋದರೆ ಒಳ್ಳೆಯದು. ಮಳೆಗಾಲದಲ್ಲಿ ಬೇಸ್‌ಮೆಂಟ್ ನೋಡಿ, ಬೇಸಿಗೆಯಲ್ಲಿ ನಲ್ಲಿ ತಿರುಗಿಸಿ.

ಮೆಟ್ರೊ ಬರುತ್ತೆ ಅನ್ನುವ ಮಾತಿಗೆ ಬಾಡಿಗೆ ಏರಿಸಿ ಬರೆಯಬೇಡಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಓಡಲು ಶುರುವಾಗಿದ್ದು 2025ರ ಆಗಸ್ಟ್‌ನಲ್ಲಿ. ಅದನ್ನು ನೆಚ್ಚಿ ಎಷ್ಟೋ ವರ್ಷ ಮೊದಲೇ ಮನೆ ಕೊಂಡವರು ಅಷ್ಟೂ ವರ್ಷ ಪಡೆದದ್ದು ಮೆಟ್ರೊ ಇಲ್ಲದ ಬಾಡಿಗೆ.

ಕೊನೆಗೆ ಒಂದು ಪ್ರಶ್ನೆ ಮರೆಯಬೇಡಿ: 27 ಸಾವಿರದಲ್ಲಿ ಮೇಂಟೆನೆನ್ಸ್ ಸೇರಿದೆಯಾ, ಬೇರೆಯಾ? ನಮ್ಮ ಉದಾಹರಣೆಯಲ್ಲಿ ಸೇರಿದೆ.

3. ವರ್ಷಕ್ಕೆ 12 ತಿಂಗಳು ಇರುವುದು ಕ್ಯಾಲೆಂಡರಿನಲ್ಲಿ ಮಾತ್ರ

ನಾನು ಎಲ್ಲ ಕಡೆ 11 ತಿಂಗಳ ಬಾಡಿಗೆಯನ್ನೇ ಹಿಡಿಯುತ್ತೇನೆ. ಒಬ್ಬರು ಎರಡು ವರ್ಷ ಇದ್ದು ಹೋದರೆ, ಪೇಂಟ್ ಮಾಡಿಸಿ, ಮನೆ ತೋರಿಸಿ, ಹೊಸಬರು ಬರುವ ಹೊತ್ತಿಗೆ ಒಂದೂವರೆ ಎರಡು ತಿಂಗಳು ಸುಲಭವಾಗಿ ಕಳೆಯುತ್ತದೆ. ಆಷಾಢ ಬಂದರಂತೂ ಯಾರೂ ಹಾಲು ಉಕ್ಕಿಸುವುದಿಲ್ಲ, ಹಾಗಾಗಿ ಜೂನ್ ಕೊನೆಗೆ ಖಾಲಿಯಾದ ಮನೆ ಶ್ರಾವಣಕ್ಕೆ ಕಾಯುತ್ತದೆ.

ಹಾಗಾಗಿ ಆದಾಯ 27,000 × 11 = 2,97,000. ಇನ್ನು ಖರ್ಚು.

ಮೇಂಟೆನೆನ್ಸ್ ಚದರಡಿಗೆ ಮೂರೂವರೆ ರೂಪಾಯಿ ಅಂದರೆ ತಿಂಗಳಿಗೆ 4,025, ವರ್ಷಕ್ಕೆ 48,300. ಗಮನಿಸಿ, ಇದಕ್ಕೆ ಮಾತ್ರ 12 ತಿಂಗಳು. ಖಾಲಿ ಮನೆಗೂ ಲಿಫ್ಟ್, ಸೆಕ್ಯೂರಿಟಿ ದುಡ್ಡು ಕಟ್ಟಲೇಬೇಕು. ಆಸ್ತಿ ತೆರಿಗೆಗೆ 8,000 ಹಿಡಿಯೋಣ. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಮನೆಯ ತೆರಿಗೆ ದರ ಸ್ವಂತ ವಾಸದ ಮನೆಗಿಂತ ಹೆಚ್ಚು, ಹತ್ತಿರ ಹತ್ತಿರ ಎರಡರಷ್ಟು. ಮಾರುವವರು ತೋರಿಸುವ ರಸೀದಿ ಸ್ವಂತ ವಾಸದ ದರದ್ದಾ ಅಂತ ನೋಡಿಕೊಳ್ಳಿ. ಹೊಸ ಬಾಡಿಗೆದಾರರನ್ನು ತಂದವರಿಗೆ ಒಂದು ತಿಂಗಳ ಬಾಡಿಗೆ ಕಮಿಷನ್, ಎರಡು ವರ್ಷಕ್ಕೊಮ್ಮೆ ಅಂದರೆ ವರ್ಷಕ್ಕೆ 13,500. ರಿಪೇರಿಗೆ 15,200: ಗೀಸರ್ ಕಾಯಿಲ್, ಸೋರುವ ಫ್ಲಶ್ ಟ್ಯಾಂಕ್, ಕೆಳಗಿನ ಮನೆಯವರು ಬಂದು "ನಿಮ್ಮ ಬಾತ್‌ರೂಮ್ ನೀರು ನಮ್ಮ ಸೀಲಿಂಗಿಗೆ ಇಳೀತಿದೆ" ಅನ್ನುವ ವರ್ಷ. ಪೇಂಟ್ ಇಲ್ಲಿ ಸೇರಿಸಿಲ್ಲ, ಯಾಕೆಂದರೆ ಬೆಂಗಳೂರಿನ ರೂಢಿಯಂತೆ ಒಂದು ತಿಂಗಳ ಬಾಡಿಗೆಯನ್ನು ಅದಕ್ಕಂತ ಅಡ್ವಾನ್ಸ್‌ನಲ್ಲಿ ಹಿಡಿಯುತ್ತಾರೆ. ಹಾಗೆ ಹಿಡಿಯುವುದು ಸರಿಯಾ ಅನ್ನುವ ಜಗಳ ಬೇರೆ, ನಾನೂ ಬಾಡಿಗೆ ಮನೆಯಲ್ಲಿದ್ದವನೇ. ಒಪ್ಪಂದದಲ್ಲಿ ಮೊದಲೇ ಬರೆದುಬಿಡಿ.

ಖರ್ಚು ಒಟ್ಟು 85,000. ಉಳಿದದ್ದು 2,12,000. ಹಾಕಿದ್ದು 90 ಲಕ್ಷ. ಶೇ 2.36.

ಅಡ್ವಾನ್ಸ್ ಬಗ್ಗೆ ಒಂದು ಮಾತು. ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಹಳೇ ಪದ್ಧತಿ. ಈಗ ಎಷ್ಟೋ ಕಡೆ ಐದಾರು ತಿಂಗಳಿಗೆ ಇಳಿದಿದೆ. ಐದು ತಿಂಗಳ 1,35,000ವನ್ನು ಶೇ 6.5ರ ಎಫ್‌ಡಿಯಲ್ಲಿ ಇಟ್ಟರೆ ವರ್ಷಕ್ಕೆ ಎಂಟೂಮುಕ್ಕಾಲು ಸಾವಿರ ಬರುತ್ತದೆ. ಬೇಕಿದ್ದರೆ ಸೇರಿಸಿ. ಆದರೆ ಅದು ನಿಮ್ಮ ದುಡ್ಡಲ್ಲ. ನಾನು ಅದನ್ನು ಇಎಂಐಗೆ ಬಳಸಿ 2020ರಲ್ಲಿ ಪಟ್ಟ ಪಾಡು ಮೇಲೆ ಹೇಳಿದ್ದೇನೆ.

4. ತೆರಿಗೆ

ಬಾಡಿಗೆ ಆದಾಯದಲ್ಲಿ ಮೊದಲು ಆ ವರ್ಷ ಕಟ್ಟಿದ ಆಸ್ತಿ ತೆರಿಗೆ ಕಳೆಯಬಹುದು. ಉಳಿದದ್ದರಲ್ಲಿ ಶೇ 30 ಸ್ಟ್ಯಾಂಡರ್ಡ್ ಡಿಡಕ್ಷನ್, ನೀವು ರಿಪೇರಿ ಮಾಡಿಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನಮ್ಮ ಲೆಕ್ಕದಲ್ಲಿ 2,97,000ದಲ್ಲಿ 8,000 ಹೋಗಿ 2,89,000, ಅದರಲ್ಲಿ 86,700 ಹೋಗಿ 2,02,300ಕ್ಕೆ ತೆರಿಗೆ. ಶೇ 30ರ ಸ್ಲ್ಯಾಬ್‌ನವರಿಗೆ ಸೆಸ್ ಸೇರಿ ಶೇ 31.2, ಅಂದರೆ ಸುಮಾರು 63 ಸಾವಿರ.

ಸಾಲ ಇಲ್ಲದೆ ಪೂರ್ತಿ ಸ್ವಂತ ದುಡ್ಡಲ್ಲಿ ತಗೊಂಡರೆ ಕೈಯಲ್ಲಿ ಉಳಿಯುವುದು 1,49,000. ಶೇ 1.65. ನಾಲ್ಕು ಪರ್ಸೆಂಟ್ ಅಂತ ಶುರುವಾದದ್ದು ಇಲ್ಲಿಗೆ ಬಂತು. ಅದೇ ಸ್ಲ್ಯಾಬ್‌ನವರಿಗೆ ಶೇ 6.5ರ ಎಫ್‌ಡಿಯಲ್ಲಿ ತೆರಿಗೆ ಕಳೆದು ಸುಮಾರು ಶೇ 4.5 ಉಳಿಯುತ್ತದೆ, ಗೀಸರ್ ಕೆಡುವುದಿಲ್ಲ.

ಹೊರದೇಶದಲ್ಲಿ ಕೂತು ಇಲ್ಲಿ ಮನೆ ತಗೊಳ್ಳುವವರು ಇನ್ನೊಂದು ತಿಳಿದಿರಲಿ. ಓನರ್ ಎನ್‌ಆರ್‌ಐ ಆದರೆ ಬಾಡಿಗೆದಾರ ಬಾಡಿಗೆಯಲ್ಲಿ ಶೇ 30 ಮತ್ತು ಸೆಸ್ ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಬಾಡಿಗೆ ಎಷ್ಟೇ ಕಡಿಮೆ ಇದ್ದರೂ. ಈ ತಲೆನೋವು ಬೇಡ ಅಂತ ಒಳ್ಳೆ ಬಾಡಿಗೆದಾರರೇ ಹಿಂದೆ ಸರಿಯುತ್ತಾರೆ.

5. ಸಾಲ ಸೇರಿಸಿದರೆ

"ಬಾಡಿಗೆಯಿಂದಲೇ ಇಎಂಐ ಕಟ್ಟಬಹುದು" ಅನ್ನುವವರು ಯಾವ ಊರಿನ ಲೆಕ್ಕ ಹೇಳುತ್ತಾರೋ ಗೊತ್ತಿಲ್ಲ. ನೋಡೋಣ.

30 ಲಕ್ಷದಿಂದ 75 ಲಕ್ಷದವರೆಗಿನ ಗೃಹ ಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಯಮದಂತೆ ಮನೆ ಬೆಲೆಯ ಶೇ 80ರವರೆಗೆ ಮಾತ್ರ ಸಾಲ ಸಿಗುತ್ತದೆ. ನೋಂದಣಿ ಖರ್ಚು ಆ ಬೆಲೆಯಲ್ಲಿ ಸೇರುವುದಿಲ್ಲ. 60 ಲಕ್ಷ ಸಾಲ ತಗೊಂಡಿರಿ, ಕೈಯಿಂದ 30 ಲಕ್ಷ ಹಾಕಿದಿರಿ ಅನ್ನೋಣ. ಶೇ 8.5 ಬಡ್ಡಿ, 20 ವರ್ಷ. ಇಎಂಐ ಸುಮಾರು 52,070, ವರ್ಷಕ್ಕೆ 6,24,800. ಮನೆಯಿಂದ ಬರುವುದು 2,12,000. ಅಂದರೆ ಪ್ರತಿ ತಿಂಗಳೂ ನಿಮ್ಮ ಸಂಬಳದಿಂದ 34,400 ಆ ಮನೆಗೆ ಹೋಗುತ್ತದೆ. ಇಷ್ಟು ದುಡ್ಡು ಐದಾರು ವರ್ಷ ತಪ್ಪದೆ ಕೊಡಬಲ್ಲಿರಾ, ನಡುವೆ ಕೆಲಸ ಹೋದರೂ? ಇದಕ್ಕೆ ಇಲ್ಲ ಅಂದರೆ ಮುಂದಿನ ಹಂತ ಓದುವುದೇ ಬೇಡ.

ಇಎಂಐಯಲ್ಲಿ ಅಸಲು ಹೋಗಲಿ, ಅದು ನಿಮ್ಮದೇ ಆಸ್ತಿಗೆ ಸೇರುತ್ತದೆ. ಬರೀ ಬಡ್ಡಿ ನೋಡಿ: ಮೊದಲ ವರ್ಷ ಸುಮಾರು 5,05,000. ಬಾಡಿಗೆ ಕಳೆದು 2,93,000 ಕೈಬಿಟ್ಟು ಹೋಗುತ್ತದೆ. ಶೇ 2.36 ಕೊಡುವ ಆಸ್ತಿಗೆ ಶೇ 8.5ರ ಸಾಲ ತಗೊಂಡರೆ ಹೀಗಲ್ಲದೆ ಇನ್ನು ಹೇಗಾಗುತ್ತದೆ?

ತೆರಿಗೆಯಲ್ಲಿ ಇದಕ್ಕೆ ಸ್ವಲ್ಪ ಸಮಾಧಾನ ಇದೆ. ಬಾಡಿಗೆ ಮನೆಯ ಬಡ್ಡಿಯನ್ನು ಬಾಡಿಗೆ ಆದಾಯದಿಂದ ಕಳೆಯಬಹುದು, ಹಾಗಾಗಿ ಮೇಲಿನ 63 ಸಾವಿರ ತೆರಿಗೆ ಕಟ್ಟಬೇಕಾಗಿಲ್ಲ. ಅದಕ್ಕೂ ಮೀರಿದ ನಷ್ಟವನ್ನು ಸಂಬಳದಲ್ಲಿ ಕಳೆಯಲು ಹಳೇ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಅವಕಾಶ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. "ಟ್ಯಾಕ್ಸ್ ಉಳಿಯುತ್ತೆ" ಅಂತ ಹೇಳಿ ಮನೆ ಮಾರುವವರಿಗೆ ಈ ಬದಲಾವಣೆ ಇನ್ನೂ ಮುಟ್ಟಿದಂತಿಲ್ಲ.

6. ಬೆಲೆ ಎಷ್ಟು ಏರುತ್ತೆ ಅಂತ ಕೇಳಬೇಡಿ, ಎಷ್ಟು ಏರಲೇಬೇಕು ಅಂತ ಕೇಳಿ

ಬೆಲೆ ಎಷ್ಟು ಏರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಬ್ರೋಕರ್‌ಗೂ, ನನಗೂ. ಆದರೆ ಎಷ್ಟು ಏರಿದರೆ ನಿಮಗೆ ಸಮ ಅನ್ನುವುದನ್ನು ಕರಾರುವಾಕ್ಕಾಗಿ ಲೆಕ್ಕ ಹಾಕಬಹುದು.

ಬಡ್ಡಿಯಲ್ಲಿ ಕೈಬಿಟ್ಟದ್ದು 2,93,000. ನಿಮ್ಮ 30 ಲಕ್ಷ ಎಫ್‌ಡಿಯಲ್ಲಿದ್ದಿದ್ದರೆ ಬರುತ್ತಿದ್ದುದು 1,95,000. ಎರಡೂ ಸೇರಿ 4,88,000. 80 ಲಕ್ಷದ ಮನೆ ವರ್ಷಕ್ಕೆ ಇಷ್ಟು ಏರಬೇಕು ಅಂದರೆ ಶೇ 6.1. ತೆರಿಗೆ, ನೋಂದಣಿ ಮುಂತಾದ ಮೊದಲ ಖರ್ಚು ಬದಿಗಿಟ್ಟರೆ, ಅಷ್ಟು ಏರಿದಾಗ ಎಫ್‌ಡಿಗೆ ಸಮ. ಅದಕ್ಕಿಂತ ಮೇಲೆ ಏರಿದ್ದು ಮಾತ್ರ ಲಾಭ, ನೀವು ಬಾಡಿಗೆದಾರರ ಫೋನ್ ಎತ್ತಿದ್ದಕ್ಕೆ ಸಿಕ್ಕ ಕೂಲಿ.

ಈಗ ಅದೇ ಓಣಿಯಲ್ಲಿ ಹತ್ತು ವರ್ಷದ ಹಿಂದೆ ಏನು ಬೆಲೆ ಇತ್ತು ಅಂತ ಕೇಳಿ ನೋಡಿ. ಸೈಟಿನ ಬೆಲೆ ಅಲ್ಲ, ಫ್ಲ್ಯಾಟಿನದು. ಈ ವ್ಯತ್ಯಾಸ ದೊಡ್ಡದು. ಏರುವುದು ನೆಲದ ಬೆಲೆ, ಕಟ್ಟಡ ಹಳೆಯದಾಗುತ್ತಾ ಹೋಗುತ್ತದೆ. ಫ್ಲ್ಯಾಟಿನಲ್ಲಿ ನಿಮಗೆ ಸಿಗುವ ನೆಲ ಅಂದರೆ ಯುಡಿಎಸ್, ಹಂಚದ ಜಾಗದಲ್ಲಿ ನಿಮ್ಮ ಪಾಲು. ಎತ್ತರದ ಕಟ್ಟಡದಲ್ಲಿ ಅದು ಸಾಮಾನ್ಯವಾಗಿ ಕಡಿಮೆ. ಕ್ರಯಪತ್ರದಲ್ಲಿ ಎಷ್ಟು ಚದರಡಿ ಅಂತ ಬರೆದಿರುತ್ತದೆ, ಓದಿ.

7. ಹತ್ತು ವರ್ಷವನ್ನು ಒಂದೇ ಸಂಖ್ಯೆಗೆ ಇಳಿಸುವುದು

ಎಕ್ಸೆಲ್‌ನಲ್ಲಿ ಎಕ್ಸ್‌ಐಆರ್‌ಆರ್ (XIRR) ಅಂತ ಒಂದು ಫಾರ್ಮುಲಾ ಇದೆ, ಹಾಕಿದ ದುಡ್ಡಿಗೆ ವರ್ಷಕ್ಕೆ ಶೇಕಡಾ ಎಷ್ಟು ಬಂತು ಅಂತ ಹೇಳುತ್ತದೆ. ಒಂದು ಕಾಲಂನಲ್ಲಿ ತಾರೀಖು, ಪಕ್ಕದ ಕಾಲಂನಲ್ಲಿ ದುಡ್ಡು. ಕೈಯಿಂದ ಹೋದದ್ದಕ್ಕೆ ಮೈನಸ್, ಬಂದದ್ದಕ್ಕೆ ಪ್ಲಸ್. ಕೊನೆಯ ಸಾಲಿನಲ್ಲಿ ಮಾರಿದಾಗ ಕೈಗೆ ಬರುವ ದುಡ್ಡು.

ಆ ಕೊನೆಯ ಸಾಲಿನಲ್ಲಿ ಜನ ಮಾರಾಟದ ಪೂರ್ತಿ ಬೆಲೆ ಹಾಕುತ್ತಾರೆ, ಅದು ತಪ್ಪು. ಮಾರುವಾಗಲೂ ಕಮಿಷನ್, ಸಣ್ಣಪುಟ್ಟ ಖರ್ಚು ಸೇರಿ ಶೇ 2 ಹೋಗುತ್ತದೆ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಮನೆಯ ಲಾಭಕ್ಕೆ ಶೇ 12.5 ತೆರಿಗೆ ಮತ್ತು ಸೆಸ್. 2024ರ ಜುಲೈ 23ರ ನಂತರ ಕೊಂಡ ಮನೆಗೆ ಇಂಡೆಕ್ಸೇಶನ್, ಅಂದರೆ ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆ ಏರಿಸಿ ತೋರಿಸುವ ಅವಕಾಶ, ಸಿಗುವುದಿಲ್ಲ. ನೋಂದಣಿಗೆ ಕಟ್ಟಿದ ದುಡ್ಡನ್ನು ಕೊಂಡ ಬೆಲೆಗೆ ಸೇರಿಸಿಕೊಳ್ಳಬಹುದು, ರಸೀದಿ ಜೋಪಾನ.

ಸಾಲ ಇಲ್ಲದೆ, ಬಾಡಿಗೆ ವರ್ಷಕ್ಕೆ ಶೇ 5 ಏರುತ್ತದೆ ಅಂತ ಹಿಡಿದು, ಹತ್ತನೇ ವರ್ಷ ಮಾರಿದರೆ ನನಗೆ ಬಂದದ್ದು ಹೀಗೆ. ಬೆಲೆ ವರ್ಷಕ್ಕೆ ಶೇ 3 ಏರಿದರೆ ಒಟ್ಟು ಪ್ರತಿಫಲ ಸುಮಾರು ಶೇ 3.3. ಶೇ 5 ಏರಿದರೆ ಸುಮಾರು 4.9. ಶೇ 8 ಏರಿದರೆ ಸುಮಾರು 7.4. ಎಲ್ಲ ತೆರಿಗೆ ಕಳೆದ ಮೇಲೆ. ವಿಚಿತ್ರ ನೋಡಿ, ಕೊನೆಗೆ ಉತ್ತರ ಹೆಚ್ಚುಕಡಿಮೆ ಬೆಲೆ ಏರಿಕೆಯ ಹತ್ತಿರವೇ ಬಂದು ನಿಲ್ಲುತ್ತದೆ. ಬಾಡಿಗೆ ಬಂದದ್ದೆಲ್ಲ ನೋಂದಣಿ ಖರ್ಚು, ಕಮಿಷನ್, ತೆರಿಗೆಗೆ ಸರಿಹೋಯಿತು. ಇದು ಗೊತ್ತಾದ ಮೇಲೆ ನನಗೆ ಅನಿಸಿದ್ದು: ಬೆಂಗಳೂರಿನಲ್ಲಿ ಫ್ಲ್ಯಾಟ್ ತಗೊಂಡು ಬಾಡಿಗೆಗೆ ಕೊಡುವವರು ಬಾಡಿಗೆ ವ್ಯಾಪಾರ ಮಾಡುತ್ತಿಲ್ಲ, ಬೆಲೆಯ ಮೇಲೆ ಪಣ ಕಟ್ಟುತ್ತಿದ್ದಾರೆ. ಕಟ್ಟಲಿ, ತಪ್ಪಿಲ್ಲ. ಆದರೆ ಗೊತ್ತಿದ್ದು ಕಟ್ಟಬೇಕು.

ಲೀಸ್‌ಗೆ ಕೊಟ್ಟರೆ?

ಲೀಸ್, ಅಂದರೆ ತಿಂಗಳ ಬಾಡಿಗೆ ಬದಲು ದೊಡ್ಡ ಮೊತ್ತ ಒಟ್ಟಿಗೆ ಪಡೆದು ಭೋಗ್ಯಕ್ಕೆ ಕೊಡುವುದು ನಮ್ಮಲ್ಲಿ ಮಾಮೂಲಿ. ಲೆಕ್ಕ ಸುಲಭ. ಬಾಡಿಗೆಯಿಂದ ಉಳಿಯುತ್ತಿದ್ದುದು 2,12,000. ಲೀಸ್‌ನಲ್ಲಿ ಮೇಂಟೆನೆನ್ಸ್ ಅವರೇ ಕಟ್ಟುತ್ತಾರೆ ಅಂದುಕೊಳ್ಳಿ, ನಿಮಗೆ ಆಸ್ತಿ ತೆರಿಗೆ ಮತ್ತು ರಿಪೇರಿಯ 23,200 ಮಾತ್ರ. ಹಾಗಾಗಿ ಲೀಸ್ ದುಡ್ಡಿನಿಂದ ವರ್ಷಕ್ಕೆ ಸುಮಾರು 2,35,000 ಹುಟ್ಟಬೇಕು. ಆ ದುಡ್ಡನ್ನು ಶೇ 8.5ರ ಸಾಲಕ್ಕೆ ತುಂಬುತ್ತೀರಿ ಅಂದರೆ 27 ಲಕ್ಷದ ಎಪ್ಪತ್ತು ಸಾವಿರ ಹತ್ತಿರ ಬೇಕು. 18 ಲಕ್ಷಕ್ಕೆ ಕೊಟ್ಟರೆ ವರ್ಷಕ್ಕೆ ಸಿಗುವುದು 1,53,000 ಮಾತ್ರ. ಮೇಲೆ, ಮೂರು ವರ್ಷದ ನಂತರ ಪೂರ್ತಿ ದುಡ್ಡು ಒಟ್ಟಿಗೆ ವಾಪಸ್ ಕೊಡಬೇಕು. ಹೊಸ ಲೀಸ್‌ನವರು ಸಿಗುವವರೆಗೆ ಹಳಬರು ಬಿಟ್ಟುಹೋಗಲ್ಲ. ಸಾಲದ ಮೇಲಿರುವ ಮನೆಯಾದರೆ ಬ್ಯಾಂಕಿಗೆ ತಿಳಿಸದೆ ಲೀಸ್ ಮಾಡುವುದು ಬೇಡ.

ಕಾಗದ ಸರಿ ಇಲ್ಲದಿದ್ದರೆ ಮೇಲಿನ ಲೆಕ್ಕಕ್ಕೆ ಬೆಲೆ ಇಲ್ಲ

ಶೀಟಿನಲ್ಲಿ ಶೇ 5 ಬಾಡಿಗೆ ಕಾಣಿಸುತ್ತಿದೆಯಾ? ಖುಷಿಪಡುವ ಮೊದಲು ಖಾತಾ ಕೇಳಿ. ಬಿ ಖಾತಾ (ಪೂರ್ತಿ ಸಕ್ರಮವಲ್ಲದ ಆಸ್ತಿಯ ದಾಖಲೆ) ಮನೆಗಳಲ್ಲಿ ಬೆಲೆ ಕಡಿಮೆ, ಬಾಡಿಗೆ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಪರ್ಸೆಂಟ್ ಚೆನ್ನಾಗಿ ಕಾಣುತ್ತದೆ. ಮಾರುವ ದಿನ ಸಾಲ ಸಿಗುವ ಗಿರಾಕಿ ಕಡಿಮೆ. ಇ-ಖಾತಾ (ಖಾತೆಯ ಡಿಜಿಟಲ್ ರೂಪ) ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಓಸಿ ನೋಡಲೇಬೇಕು. ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲೇ ಹೇಳಿದೆ.

ಕೊನೆಗೆ, ಚೌಕಾಸಿ

ಶೀಟ್ ತಯಾರಾದ ಮೇಲೆ ಅದನ್ನು ತಲೆಕೆಳಗು ಮಾಡಿ. ಬೆಲೆ ಏರಿಕೆಗೆ ಶೇ 5 ಹಾಕಿ, ಖಾಲಿ ತಿಂಗಳು ಒಂದರ ಬದಲು ಎರಡು ಮಾಡಿ, ನಿಮಗೆ ಒಪ್ಪಿಗೆಯಾಗುವ ಪ್ರತಿಫಲ ಬರುವವರೆಗೆ ಕೊಳ್ಳುವ ಬೆಲೆ ಇಳಿಸುತ್ತಾ ಹೋಗಿ. ಎಲ್ಲಿ ನಿಲ್ಲುತ್ತದೋ ಅದು ನಿಮ್ಮ ಬೆಲೆ. ಕನಕಪುರ ರಸ್ತೆಯ ಆ ಫ್ಲ್ಯಾಟಿಗೆ ನನ್ನ ಶೀಟ್ 71 ಲಕ್ಷ ಅಂದಿತು. ಓನರ್ 78ಕ್ಕಿಂತ ಇಳಿಯಲಿಲ್ಲ. ಕಾಫಿ ಕೊಟ್ಟರು, ಕುಡಿದು ಬಂದೆ.

ಅಲ್ಲಿಯ ಸೆಕ್ಯೂರಿಟಿಯವರ ಹತ್ತಿರ ನನ್ನ ನಂಬರ್ ಉಳಿದಿದೆ. ಎರಡು ಮೂರು ತಿಂಗಳಿಗೊಮ್ಮೆ ಫೋನ್ ಬರುತ್ತದೆ: "ಸಾರ್, ಮೂರನೇ ಮಹಡಿ ಮನೆ ಮತ್ತೆ ಖಾಲಿ ಆಯ್ತು, ಯಾರಾದ್ರೂ ಇದ್ರೆ ಹೇಳಿ."